ಬಿದಿರಿನ ಮುಳ್ಳು ಮತ್ತು ಟಾಟಾ ಇನ್‌ಸ್ಟಿಟ್ಯೂಟಿನ ಲೆಕ್ಕ

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧನೆಗಳ ಬಗ್ಗೆ ಮಾತನಾಡಬೇಕೆಂದು ಆಕಾಶವಾಣಿಯವರು ನನ್ನನ್ನು ಕರೆದಿದ್ದಾರೆ. ಸಂಸ್ಥೆಗೆ ನೂರು ವರ್ಷ ದಾಟಿದೆ, ನನಗಿರುವುದು ಹತ್ತು ನಿಮಿಷ. ಹಾಗಾಗಿ ಒಂದೇ ಮಾತನ್ನು ಹಿಡಿದುಕೊಳ್ಳುತ್ತೇನೆ. ಸಂಶೋಧನೆ ಎಂದರೆ ಹೋಗಿ ನೋಡುವುದು, ನೋಡಿದ್ದನ್ನು ಎಣಿಸುವುದು. ಈ ಮಾತನ್ನು ಇನ್ನೂ ನಾಲ್ಕಾರು ಸಲ ಹೇಳುತ್ತೇನೆ, ದಯವಿಟ್ಟು ಕೇಳಿಸಿಕೊಳ್ಳಿ.

ಜಮ್ಷೆಡ್‌ಜಿ ಟಾಟಾ ಅವರ ಕನಸು, ಅವರ ದತ್ತಿಯ ಹಣ, ಮೈಸೂರು ಸಂಸ್ಥಾನ ಕೊಟ್ಟ 371 ಎಕರೆ ಭೂಮಿ, ಇವುಗಳಿಂದ 1909ರಲ್ಲಿ ಹುಟ್ಟಿದ ಸಂಸ್ಥೆ ಇದು. ಬೆಂಗಳೂರಿನ ಹಳಬರ ಬಾಯಲ್ಲಿ ಈಗಲೂ ಅದು ಟಾಟಾ ಇನ್‌ಸ್ಟಿಟ್ಯೂಟ್. 1933ರಲ್ಲಿ ಸಿ.ವಿ. ರಾಮನ್ ಇದರ ನಿರ್ದೇಶಕರಾಗಿ ಬಂದರು. ಆ ಸ್ಥಾನಕ್ಕೆ ಬಂದ ಮೊದಲ ಭಾರತೀಯರು ಅವರೇ. ಕೇಂದ್ರ ಸರ್ಕಾರ 2016ರಲ್ಲಿ ವಿಶ್ವವಿದ್ಯಾಲಯಗಳ ಶ್ರೇಯಾಂಕ ಪಟ್ಟಿಯನ್ನು ಶುರುಮಾಡಿತಲ್ಲ, ಅದರಲ್ಲಿ ಮೊದಲ ಸ್ಥಾನ ಈ ಸಂಸ್ಥೆಗೇ ಬರುತ್ತಾ ಇದೆ.

ಈ ಶ್ರೇಯಾಂಕದ ಮಾತು ಬಂದರೆ ನನಗೆ ಸ್ವಲ್ಪ ತಾಳ್ಮೆ ತಪ್ಪುತ್ತದೆ. ಪಿಯುಸಿ ಓದುವ ಮಕ್ಕಳ ತಂದೆತಾಯಂದಿರು ನನ್ನನ್ನು ಕೇಳುವುದು ಇಷ್ಟೇ: ಆ ವಿಶ್ವವಿದ್ಯಾಲಯದ ಸ್ಥಾನ ಎಷ್ಟನೆಯದು, ವರ್ಷಕ್ಕೆ ಎಷ್ಟು ಸಂಶೋಧನಾ ಪ್ರಬಂಧ ಹೊರಬರುತ್ತವೆ? ಅಲ್ಲ ಸ್ವಾಮಿ, ಸಾವಿರ ಪ್ರಬಂಧ ಬಂದವು ಎಂದುಕೊಳ್ಳಿ. ಅದರಿಂದ ನಿಮಗೆ ತಿಳಿದದ್ದೇನು? ಆ ಪ್ರಬಂಧ ಬರೆದವರು ಯಾವ ಪ್ರಶ್ನೆಯನ್ನು ಎತ್ತಿಕೊಂಡರು, ಉತ್ತರಕ್ಕಾಗಿ ಎಲ್ಲಿಗೆ ಹೋದರು, ಏನನ್ನು ಎಣಿಸಿದರು? ಅದನ್ನು ಕೇಳಿ. ನಾನು ಸಸ್ಯಶಾಸ್ತ್ರ ಕಲಿಸಿದವನು. ಆದ್ದರಿಂದ ನನ್ನ ಉದಾಹರಣೆ ಕಾಡಿನದೇ.

1970ರ ದಶಕ. ದಾಂಡೇಲಿಯ ಕಾಗದದ ಕಾರ್ಖಾನೆಗೆ ಉತ್ತರ ಕನ್ನಡದ ಕಾಡುಗಳಿಂದ ಬಿದಿರು ಹೋಗುತ್ತಿತ್ತು. ಕಾರ್ಖಾನೆ ಕಟ್ಟುವ ಕಾಲಕ್ಕೆ, ಈ ಕಾಡುಗಳ ಬಿದಿರು ಎಷ್ಟು ಕಡಿದರೂ ಮುಗಿಯುವಂಥದ್ದಲ್ಲ ಎಂಬ ಅಂದಾಜಿತ್ತು. ಇಪ್ಪತ್ತು ವರ್ಷ ತುಂಬುವುದರೊಳಗೆ ಮೆಳೆಗಳು ಬರಿದಾಗತೊಡಗಿದವು. ಬುಟ್ಟಿ, ಮೊರ, ತಟ್ಟಿ ಹೆಣೆದು ಬದುಕುವ ಮೇದರಿಗೆ ಬಿದಿರು ಸಿಗದಂತಾಯಿತು. ಕಾರ್ಖಾನೆಗೆ ಬಿದಿರು ಸಿಗುತ್ತಿದ್ದುದು ತೀರಾ ಅಗ್ಗದ ದರದಲ್ಲಿ, ಮೇದರು ಕೊಳ್ಳಬೇಕಾಗಿದ್ದುದು ಪೇಟೆಯ ದರದಲ್ಲಿ. ಅವರ ಗೋಳು ಸರ್ಕಾರದ ಕಿವಿಗೆ ಬಿತ್ತು. ಬಿದಿರು ಏಕೆ ಹಾಳಾಗುತ್ತಿದೆ, ನೋಡಿ ಹೇಳಿ ಎಂದು ಸರ್ಕಾರ ಒಬ್ಬ ಯುವ ವಿಜ್ಞಾನಿಯನ್ನು ಕೇಳಿತು. ಅವರು ಮಾಧವ ಗಾಡ್ಗೀಳ್. ಆಗ ಅವರು ವಿಜ್ಞಾನ ಸಂಸ್ಥೆಗೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ.

ಕಾರಣ ಗೊತ್ತೇ ಇದೆ ಎಂದು ಅನೇಕರು ತಿಳಿದಿದ್ದರು. ಹಳ್ಳಿಯವರು ಕಾಡಿನಲ್ಲಿ ದನ ಮೇಯಿಸುತ್ತಾರೆ, ಬೇಕಾದ ಹಾಗೆ ಕಡಿಯುತ್ತಾರೆ, ಅದಕ್ಕೇ ಬಿದಿರು ಹಾಳಾಯಿತು ಎಂಬುದು ಅವರ ತೀರ್ಮಾನ. ಈ ಮಾತನ್ನೇ ಅಂಕಿಅಂಶಗಳಲ್ಲಿ ಅಲಂಕರಿಸಿ ವರದಿ ಕೊಟ್ಟಿದ್ದರೆ ಯಾರೂ ಬೇಡವೆನ್ನುತ್ತಿರಲಿಲ್ಲ. ಗಾಡ್ಗೀಳ್ ಮತ್ತು ಅವರ ಸಂಗಡಿಗರು ಕಾಡಿಗೆ ಹೋದರು.

ಮುಳ್ಳುಬಿದಿರಿನ ಮೆಳೆಯನ್ನು ಹತ್ತಿರದಿಂದ ಕಂಡವರಿಗೆ ಇದು ಗೊತ್ತು. ಬುಡದ ಸುತ್ತ ಮುಳ್ಳಿನ ಕೊಂಬೆಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ, ಕೈ ತೂರಿಸಲೂ ಜಾಗವಿರುವುದಿಲ್ಲ. ಮಳೆ ಹಿಡಿದ ಮೇಲೆ ಆ ಮುಳ್ಳಿನ ನಡುವಿನಿಂದ ಕಳಲೆ, ಅಂದರೆ ಬಿದಿರಿನ ಎಳೆಯ ಮೊಳಕೆ, ಏಳುತ್ತದೆ. ಕಳಲೆಯ ರುಚಿಯನ್ನು ಮಲೆನಾಡಿನವರಿಗೆ ನಾನು ಹೇಳಬೇಕಾಗಿಲ್ಲ. ಆ ರುಚಿ ದನಗಳಿಗೂ ಗೊತ್ತು, ಮಂಗಗಳಿಗೂ ಗೊತ್ತು, ಮುಳ್ಳುಹಂದಿಗೂ ಗೊತ್ತು. ಮೆತ್ತಗಿರುವ ಕೆಲವು ವಾರ ಅದು ಯಾರ ಬಾಯಿಗೂ ಸಿಗದೆ ಉಳಿದರೆ ಆಮೇಲೆ ಸರಸರನೆ ಮೇಲೇರಿ ಗಳುವಾಗುತ್ತದೆ. ಸಿಕ್ಕಿತೋ, ಆ ವರ್ಷದ ಗಳು ಅಲ್ಲಿಗೆ ಮುಗಿಯಿತು.

ಆಗಿನ ಪದ್ಧತಿ ಏನಿತ್ತು ಗೊತ್ತೇ? ಮೆಳೆಯ ಬುಡದ ಮುಳ್ಳನ್ನು ಸವರಿ ಚೊಕ್ಕಟ ಮಾಡುವುದು. ಇಕ್ಕಟ್ಟು ಕಡಿಮೆಯಾದರೆ ಬಿದಿರು ಚೆನ್ನಾಗಿ ಬೆಳೆಯುತ್ತದೆ ಎಂಬುದು ಅರಣ್ಯ ಇಲಾಖೆಯ ನಂಬಿಕೆ. ಕಡಿಯುವವರಿಗೂ ಅದರಿಂದ ಕೆಲಸ ಸುಲಭ. ಆದರೆ ಕಾಡಂಚಿನ ಹಳ್ಳಿಯವರು ಬೇರೆಯೇ ಹೇಳಿದರು. ಮುಳ್ಳು ತೆಗೆಯುವುದರಿಂದಲೇ ಬಿದಿರು ಸಾಯುತ್ತಿದೆ, ಮುಳ್ಳಿಲ್ಲದ ಮೆಳೆಯಲ್ಲಿ ಕಳಲೆ ಉಳಿಯುವುದಿಲ್ಲ ಎಂಬುದು ಅವರ ಮಾತು.

ಈಗ ನನ್ನ ಕೇಳುಗರು ದಯವಿಟ್ಟು ಗಮನವಿಟ್ಟು ಕೇಳಬೇಕು, ಏಕೆಂದರೆ ವಿಜ್ಞಾನ ಇರುವುದು ಇಲ್ಲಿ. ಇಲಾಖೆಯ ಪುಸ್ತಕ ಒಂದು ಹೇಳುತ್ತದೆ, ಹಳ್ಳಿಯವರು ಇನ್ನೊಂದು ಹೇಳುತ್ತಾರೆ. ದೊಡ್ಡವರು ಬರೆದದ್ದು ಎಂದು ಪುಸ್ತಕವನ್ನು ನಂಬಬಹುದು. ಬಡವರ ಮೇಲಿನ ಪ್ರೀತಿಯಿಂದ ಹಳ್ಳಿಯವರ ಮಾತನ್ನು ನಂಬಬಹುದು. ಎರಡನ್ನೂ ಮಾಡದೆ, ಮುಳ್ಳು ಸವರಿದ ಮೆಳೆಯಲ್ಲಿ ಎಷ್ಟು ಕಳಲೆ ಎದ್ದಿತು, ಎಷ್ಟು ಉಳಿಯಿತು, ಮುಳ್ಳಿರುವ ಮೆಳೆಯಲ್ಲಿ ಎಷ್ಟು ಎದ್ದಿತು, ಎಷ್ಟು ಉಳಿಯಿತು ಎಂದು ನೋಡಬೇಕು. ಒಂದು ಮಳೆಗಾಲದ ಲೆಕ್ಕ ಸಾಲದು. ಜಿಗಣೆ ಕಚ್ಚಿಸಿಕೊಂಡು, ಮಳೆಯಲ್ಲಿ ನೆನೆದು, ಮತ್ತೆ ಮತ್ತೆ ಬರಬೇಕು. ಆ ಕೆಲಸ ವರ್ಷಗಟ್ಟಲೆ ನಡೆಯಿತು. ಹಳ್ಳಿಯವರು ಹೇಳಿದ್ದೇ ನಿಜವಾಯಿತು. ಚೊಕ್ಕಟ ಮಾಡಿದ ಮೆಳೆಗಳಲ್ಲಿ ಎಳೆಯ ಕಳಲೆ ಪ್ರಾಣಿಗಳ ಪಾಲಾಗುತ್ತಿತ್ತು. ಬಿದಿರಿನ ಒಳ್ಳೆಯದಕ್ಕೆಂದು ಮಾಡುತ್ತಿದ್ದ ಕೆಲಸವೇ ಬಿದಿರನ್ನು ತಿನ್ನುತ್ತಿತ್ತು. ಜೊತೆಗೆ, ಕಾಡಿನಲ್ಲಿ ಎಷ್ಟು ಬಿದಿರಿದೆ ಎಂದು ಮೊದಲು ಹಾಕಿದ್ದ ಅಂದಾಜೂ ಅತಿಯಾಗಿತ್ತು.

ಈ ಕಥೆಯನ್ನು ನನ್ನ ವಿದ್ಯಾರ್ಥಿಗಳಿಗೆ ಹೇಳಿ ನನಗೆ ಇನ್ನೂ ದಣಿವಾಗಿಲ್ಲ. ಇದು ಅಲ್ಲಿಗೇ ನಿಲ್ಲಲೂ ಇಲ್ಲ. ಊರಿನವರಿಗೆ ತಮ್ಮ ಊರಿನ ಗಿಡಮರ ಗೊತ್ತು, ಅದನ್ನು ಬರೆದಿಡಬೇಕು ಎಂದು ಗಾಡ್ಗೀಳ್ ಮುಂದೆಯೂ ಪಟ್ಟುಹಿಡಿದರು. 2002ರ ಜೀವವೈವಿಧ್ಯ ಕಾಯ್ದೆಯ ಅಡಿಯಲ್ಲಿ ಇಂದು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸಿದ್ಧವಾಗುವ ಜನತಾ ಜೀವವೈವಿಧ್ಯ ದಾಖಲೆಗಳ ಹಿಂದೆ ಅವರ ಶ್ರಮವಿದೆ. ನಿಮ್ಮ ಪಂಚಾಯಿತಿಯಲ್ಲಿ ಆ ದಾಖಲೆ ಇದೆಯೇ, ಅದರಲ್ಲಿ ಏನು ಬರೆದಿದ್ದಾರೆ ಎಂದು ಒಮ್ಮೆ ವಿಚಾರಿಸಿ. ಅದು ನಿಮ್ಮ ಹಕ್ಕು.

ಸಮಯ ಬಹಳ ಹೋಯಿತು. ಉಳಿದವನ್ನು ಬೇಗ ಹೇಳುತ್ತೇನೆ.

ಅಸ್ತ್ರ ಒಲೆಯ ಹೆಸರನ್ನು ಹಳ್ಳಿಯ ತಾಯಂದಿರು ಕೇಳಿರುತ್ತೀರಿ. 1974ರಲ್ಲಿ ಅಮೂಲ್ಯ ರೆಡ್ಡಿಯವರು ಸಂಸ್ಥೆಯಲ್ಲಿ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನದ ಘಟಕವನ್ನು ಕಟ್ಟಿದರು. ಅವರು ಮೂಲತಃ ವಿದ್ಯುತ್ ರಸಾಯನಶಾಸ್ತ್ರದವರು. ಅವರ ತಂಡ ಕುಣಿಗಲ್ ತಾಲ್ಲೂಕಿನ ಉಂಗ್ರದ ಸುತ್ತಿನ ಹಳ್ಳಿಗಳಲ್ಲಿ ಮನೆಮನೆಗೂ ಹೋಗಿ ಲೆಕ್ಕ ಹಾಕಿತು: ಎಷ್ಟು ಸೌದೆ ಉರಿಯುತ್ತದೆ, ಅದನ್ನು ತರಲು ಯಾರು ಎಷ್ಟು ಹೊತ್ತು ನಡೆಯುತ್ತಾರೆ. ಹಳ್ಳಿಯ ಇಂಧನದ ಬಹುಪಾಲು ಅಡುಗೆಯ ಸೌದೆಯೇ ಎಂಬುದೂ, ಅದರ ದುಡಿಮೆ ಹೆಂಗಸರ ಮತ್ತು ಮಕ್ಕಳ ಮೇಲೆ ಬಿದ್ದಿದೆ ಎಂಬುದೂ ಅಂಕಿಗಳಲ್ಲಿ ಕಂಡಿತು. ಕಡಿಮೆ ಸೌದೆ ಬೇಡುವ, ಹೊಗೆಯನ್ನು ಕೊಳವೆಯಿಂದ ಹೊರಹಾಕುವ ಒಲೆ ಬಂದದ್ದು ಇಂಥ ಕೆಲಸದ ಬೆನ್ನಿಗೆ. ಅಲ್ಲೂ ಮೊದಲು ಹೋಗಿ ನೋಡಿದರು.

ಇನ್ನು ಮಳೆ. ಸಂಸ್ಥೆಯ ಹವಾಮಾನ ವಿಜ್ಞಾನಿ ಸುಲೋಚನಾ ಗಾಡ್ಗೀಳ್ ಅವರು ಇನ್ನೊಬ್ಬ ಹವಾಮಾನ ವಿಜ್ಞಾನಿ ಡಿ.ಆರ್. ಸಿಕ್ಕಾ ಅವರೊಡನೆ ಉಪಗ್ರಹದ ಚಿತ್ರಗಳನ್ನು ದಿನವೊಂದರಂತೆ ಜೋಡಿಸಿ ನೋಡಿದರು. ಸಮಭಾಜಕ ವೃತ್ತದ ಬಳಿ, ಸಮುದ್ರದ ಮೇಲೆ ಹುಟ್ಟುವ ಮೋಡದ ಪಟ್ಟಿ ಕೆಲವು ವಾರಗಳಿಗೊಮ್ಮೆ ಉತ್ತರಕ್ಕೆ ಸರಿದು ನಮ್ಮ ನೆಲದ ಮೇಲೆ ಬರುವುದನ್ನು 1980ರಲ್ಲಿ ಪ್ರಕಟಿಸಿದರು. ಮುಂಗಾರು ಒಮ್ಮೆ ಸುರಿದು ಒಮ್ಮೆ ಬಿಡುವು ಕೊಡುವುದರ ಗುಟ್ಟು ಅದರಲ್ಲಿದೆ. ಮುಂದೆ ಅವರು ಪಾವಗಡ, ಅನಂತಪುರದ ಕಡೆಯ ಶೇಂಗಾ ರೈತರೊಂದಿಗೆ ಕುಳಿತು ಬಿತ್ತನೆಯ ಸಮಯದ ಲೆಕ್ಕವನ್ನೂ ಹಾಕಿದರು. ಪಾವಗಡದ ಕೇಳುಗರು ಇದನ್ನು ನೆನಪಿಡಬೇಕು.

ಸಂಸ್ಥೆಯ ಇನ್ನೊಬ್ಬ ವಿಜ್ಞಾನಿ ರಾಘವೇಂದ್ರ ಗದಗಕರ್ ಅವರು ನಮ್ಮ ಮನೆಗಳ ಕಿಟಕಿ, ಸೂರುಗಳಲ್ಲಿ ಗೂಡು ಕಟ್ಟುವ ಕಣಜಗಳಿಗೆ ಬಣ್ಣದ ಚುಕ್ಕೆ ಇಟ್ಟು, ಒಂದೊಂದನ್ನೂ ಗುರುತಿಸಿ, ದಶಕಗಳ ಕಾಲ ನೋಡಿದರು. ಆ ಗೂಡಿನ ರಾಣಿ ಸಾಧು ಸ್ವಭಾವದ್ದು. ಅದನ್ನು ತೆಗೆದ ಕೂಡಲೇ ಕೆಲಸಗಾರ ಕಣಜಗಳಲ್ಲಿ ಒಂದು ಮಾತ್ರ ವಿಪರೀತ ಜಗಳಗಂಟಿಯಾಗುತ್ತದೆ, ಮುಂದಿನ ರಾಣಿ ಅದೇ. ಉಳಿದವು ಎದುರಾಡುವುದಿಲ್ಲ. ಉತ್ತರಾಧಿಕಾರಿ ಯಾರೆಂದು ಅವುಗಳಿಗೆ ಮೊದಲೇ ತಿಳಿದಿರುತ್ತದೆ ಎಂದು ಗೂಡನ್ನು ಎರಡು ಮಾಡಿ, ರಾಣಿಯನ್ನು ಆಚೀಚೆ ಬದಲಿಸಿ ತೋರಿಸಿದರು. ಇದರ ಉಪಯೋಗವೇನು ಎಂದು ಕೇಳಬೇಡಿ. ತಿಳಿಯುವುದೇ ಉಪಯೋಗ.

ಸತೀಶ್ ಧವನ್ ಅವರು ಶಬ್ದಕ್ಕಿಂತ ವೇಗದ ಗಾಳಿಯ ಸುರಂಗವನ್ನು ಕಟ್ಟಿದ್ದು, ಸಿ.ಎನ್.ಆರ್. ರಾವ್ ಅವರು ಘನವಸ್ತುಗಳ ರಸಾಯನಶಾಸ್ತ್ರವನ್ನು ಬೆಳೆಸಿದ್ದು, ಇವುಗಳಿಗೆ ಒಂದೊಂದು ಭಾಷಣವೇ ಬೇಕು. ಕರೆದರೆ ಮತ್ತೆ ಬರುತ್ತೇನೆ.

ಕೊನೆಯದಾಗಿ ಒಂದು ಉಪಯುಕ್ತ ಮಾಹಿತಿ. ಸಂಸ್ಥೆ ವರ್ಷಕ್ಕೊಂದು ದಿನ, ಸಾಮಾನ್ಯವಾಗಿ ಫೆಬ್ರುವರಿ, ಮಾರ್ಚ್ ಹೊತ್ತಿಗೆ, ಸಾರ್ವಜನಿಕರಿಗೆ ಬಾಗಿಲು ತೆರೆಯುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗಿ. ಪ್ರಯೋಗಾಲಯಗಳಲ್ಲಿ ಸಂಶೋಧನಾ ವಿದ್ಯಾರ್ಥಿಗಳು ತಮ್ಮ ಕೆಲಸವನ್ನು ತಾವೇ ವಿವರಿಸುತ್ತಾರೆ. ಕನ್ನಡದಲ್ಲಿಯೇ ಕೇಳಿ, ಹೇಳುವವರು ಸಿಗುತ್ತಾರೆ. ಯಂತ್ರದ ಬೆಲೆ ಎಷ್ಟು ಎಂದು ಕೇಳಬೇಡಿ. ನೀವು ಈ ವರ್ಷ ಏನನ್ನು ಎಣಿಸಿದಿರಿ, ಅಂದುಕೊಂಡದ್ದಕ್ಕಿಂತ ಬೇರೆಯಾಗಿ ಏನು ಕಂಡಿತು ಎಂದು ಕೇಳಿ.

ನಮಸ್ಕಾರ.