ಇಳಿಜಾರು ಕೈಕೊಡುವಲ್ಲಿ ಮಧ್ಯಬಿಂದು

ಎಲ್ಲರಿಗೂ ನಮಸ್ಕಾರ. ಮಧ್ಯಬಿಂದು ಸೂತ್ರ ಇಲ್ಲಿರುವ ಎಲ್ಲರಿಗೂ ಬಾಯಿಪಾಠ: ಎರಡು ಎಕ್ಸ್ ಕೂಡಿಸಿ ಅರ್ಧ ಮಾಡಿ, ಎರಡು ವೈ ಕೂಡಿಸಿ ಅರ್ಧ ಮಾಡಿ. ಲೆಕ್ಕ ಬಿಡಿಸಲು ಅಷ್ಟು ಸಾಕು. ಸಾಧನೆ ಬರೆಯುವಾಗ ಎಡವುವುದು ಸೂತ್ರದಲ್ಲಲ್ಲ, ಅದಕ್ಕೂ ಮೊದಲು ಶೃಂಗಗಳಿಗೆ ನಿರ್ದೇಶಾಂಕ ಕೊಡುವಾಗ.

ಒಂದೇ ಪ್ರಮೇಯ ಹಿಡಿದು ನೋಡೋಣ. ಯಾವುದೇ ಚತುರ್ಭುಜದ ಬಾಹುಗಳ ಮಧ್ಯಬಿಂದುಗಳನ್ನು ಅನುಕ್ರಮವಾಗಿ ಸೇರಿಸಿದರೆ ಸಮಾಂತರ ಚತುರ್ಭುಜ ಸಿಗುತ್ತದೆ. ಫ್ರಾನ್ಸಿನ ಪಿಯೆರ್ ವಾರಿನ್ಯೋಂ ಹೆಸರಿನ ಪ್ರಮೇಯ ಇದು. ಅವರು 1722ರಲ್ಲಿ ತೀರಿಕೊಂಡರು, ಇದು ಅಚ್ಚಾದದ್ದು 1731ರಲ್ಲಿ.

ಎ ಶೃಂಗವನ್ನು ಮೂಲಬಿಂದುವಿನಲ್ಲಿ, ಬಿ ಶೃಂಗವನ್ನು (2ಪ, 0)ರಲ್ಲಿ ಇಡಿ. ಕಾಗದವನ್ನು ಸರಿಸಿ, ತಿರುಗಿಸಿ ಯಾವ ಚತುರ್ಭುಜವನ್ನಾದರೂ ಹೀಗೆ ಕೂರಿಸಬಹುದು. ನಮಗಿರುವ ಸ್ವಾತಂತ್ರ್ಯ ಅಲ್ಲಿಗೆ ಮುಗಿಯಿತು. ಉಳಿದೆರಡು ಶೃಂಗಗಳಿಗೆ ಹೊಸ ಅಕ್ಷರಗಳೇ ಬೇಕು: ಸಿ (2ಕ, 2ರ), ಡಿ (2ಸ, 2ತ). ಅಕ್ಷರ ಉಳಿಸುವ ಆಸೆಗೆ ಬಿದ್ದು ಸಿ ಶೃಂಗವನ್ನು (2ಪ, 2ರ) ಎಂದಿರೋ, ಬಿ ಕೋನ ಲಂಬಕೋನವಾಗಿಬಿಡುತ್ತದೆ. ಡಿ ಶೃಂಗವನ್ನು (2ಕ − 2ಪ, 2ರ) ಎಂದರೆ ಇನ್ನೂ ಕೆಟ್ಟದ್ದು, ದತ್ತ ಚತುರ್ಭುಜವೇ ಸಮಾಂತರ ಚತುರ್ಭುಜವಾಯಿತು. ಮುಂದಿನ ಸಾಲುಗಳೆಲ್ಲ ಸರಿಯಾಗಿಯೇ ಬರುತ್ತವೆ, ಅದಕ್ಕೇ ಈ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಸಾಧಿಸಿದ್ದು ಮಾತ್ರ ಒಂದು ವಿಶೇಷ ಸಂದರ್ಭವನ್ನು.

2 ಏಕೆ? ಅರ್ಧ ಮಾಡಿದಾಗ ಭಿನ್ನರಾಶಿ ಬರದಿರಲಿ ಎಂದು. ಯಾವ ವಾಸ್ತವ ಸಂಖ್ಯೆಯನ್ನಾದರೂ 2ಪ ಎಂದು ಬರೆಯಬಹುದಾದ್ದರಿಂದ ಸಾಮಾನ್ಯತೆಗೆ ಧಕ್ಕೆಯಿಲ್ಲ.

ಈಗ ಮಧ್ಯಬಿಂದುಗಳು. ಎಬಿಯದು (ಪ, 0), ಬಿಸಿಯದು (ಪ + ಕ, ರ), ಸಿಡಿಯದು (ಕ + ಸ, ರ + ತ), ಡಿಎಯದು (ಸ, ತ). ಇವುಗಳಲ್ಲಿ ಒಂದನೆಯದನ್ನೂ ಮೂರನೆಯದನ್ನೂ ಸೇರಿಸುವ ಕರ್ಣದ ಮಧ್ಯಬಿಂದು ((ಪ + ಕ + ಸ)/2, (ರ + ತ)/2). ಎರಡನೆಯದನ್ನೂ ನಾಲ್ಕನೆಯದನ್ನೂ ಸೇರಿಸುವ ಕರ್ಣಕ್ಕೂ ಅದೇ ಬಿಂದು. ಕರ್ಣಗಳು ಪರಸ್ಪರ ಅರ್ಧಿಸುತ್ತವೆ, ಹಾಗಾಗಿ ಇದು ಸಮಾಂತರ ಚತುರ್ಭುಜ, ಸಾಧನೆ ಮುಗಿಯಿತು. ಕರ್ಣಗಳ ಸಮೀಕರಣ ಬರೆದು ಛೇದನ ಬಿಂದು ಹುಡುಕುವ ಅಗತ್ಯವೇ ಇಲ್ಲ.

ಇದನ್ನೇ ಇಳಿಜಾರಿನಿಂದ ಮಾಡಿ ನೋಡಿ. ಒಂದು ಜೋಡಿ ಬಾಹುಗಳ ಇಳಿಜಾರು ರ/ಕ. ಕ ಸೊನ್ನೆಯಾದರೆ? ಆ ಸಂದರ್ಭವನ್ನು ಬೇರೆಯಾಗಿ ಬರೆಯಬೇಕು. ಇನ್ನೊಂದು ಜೋಡಿಗೂ ಅದೇ ಪಾಡು. ಮಧ್ಯಬಿಂದು ಸೂತ್ರದಲ್ಲಿ ಛೇದ ಯಾವಾಗಲೂ 2, ಸೊನ್ನೆಯಾಗುವ ಭಯವಿಲ್ಲ. ಸಮಾಂತರ ಚತುರ್ಭುಜ ಎಂದು ತೋರಿಸುವ ಪ್ರಶ್ನೆಗಳಲ್ಲಿ ಮೊದಲು ಇದನ್ನೇ ಬಳಸಿ ಎಂದು ನಾನು ಹೇಳುವುದು ಇದಕ್ಕೇ.

ಒಂದು ಎಚ್ಚರಿಕೆ. (0, 0), (1, 1), (3, 3), (2, 2) ಬಿಂದುಗಳಲ್ಲೂ ‘ಕರ್ಣ’ಗಳ ಮಧ್ಯಬಿಂದು ಒಂದೇ, (1.5, 1.5). ಆದರೆ ನಾಲ್ಕೂ ಒಂದೇ ಸರಳರೇಖೆಯ ಮೇಲಿವೆ. ಸಂಖ್ಯೆ ಕೊಟ್ಟ ಪ್ರಶ್ನೆಗಳಲ್ಲಿ ಮೂರು ಶೃಂಗಗಳು ಏಕರೇಖಾಗತವಲ್ಲ ಎಂದು ಒಂದು ಸಾಲು ಬರೆಯಿರಿ.

ದೂರ ಸೂತ್ರದ ಅಭ್ಯಾಸಬಲದಿಂದ ಕೂಡಿಸುವ ಬದಲು ಕಳೆಯುವವರೂ ಇದ್ದಾರೆ. (−3, 7) ಮತ್ತು (5, −1)ರ ಮಧ್ಯಬಿಂದು (1, 3). ಕಳೆದರೆ (4, −4) ಬರುತ್ತದೆ. ಇಲ್ಲಿ 4 ಎಂಬುದು −3 ಮತ್ತು 5ರ ನಡುವೆಯೇ ಇದೆ, ಅನುಮಾನ ಬರುವುದಿಲ್ಲ. −4 ಮಾತ್ರ −1 ಮತ್ತು 7ರ ಆಚೆಗಿದೆ. ಎರಡೂ ನಿರ್ದೇಶಾಂಕಗಳನ್ನು ಪರೀಕ್ಷಿಸಿ.

ಆಯತ, ವಜ್ರಾಕೃತಿಗಳಿಗೆ ಮಧ್ಯಬಿಂದು ಒಂದೇ ಸಾಲದು. ಕರ್ಣಗಳು ಅರ್ಧಿಸುತ್ತವೆ ಎಂದು ತೋರಿಸಿದ ಮೇಲೆ, ಆಯತಕ್ಕೆ ಕರ್ಣಗಳು ಸಮವೆಂದೂ ವಜ್ರಾಕೃತಿಗೆ ಪಾರ್ಶ್ವ ಬಾಹುಗಳು ಸಮವೆಂದೂ ದೂರ ಸೂತ್ರದಿಂದ ತೋರಿಸಬೇಕು.