ರಾಕ್ ಬ್ಯಾಂಡ್ ಜೊತೆ ಟಿಟಿಯಲ್ಲಿ ದುರ್ಗ, ದಾವಣಗೆರೆ: ಕೆಂಪು ಲೈಟಿನ ಕಥೆ

ನಮಸ್ಕಾರ ಎಲ್ಲರಿಗೂ. ಇದು ಹಿರಿಯೂರು ದಾಟಿದ ಮೇಲಿನ ಶಾಟ್. ಬೆಂಗಳೂರಿಂದ ಇಲ್ಲಿವರೆಗಿನದನ್ನು ಪೂರ್ತಿ ಕಟ್ ಮಾಡಿದ್ದೇನೆ. ಎಲ್ಲರೂ ನಿದ್ದೆ ಹೊಡೆಯುತ್ತಿದ್ದರು, ಕ್ಯಾತ್ಸಂದ್ರದ ತಟ್ಟೆ ಇಡ್ಲಿಗೂ ಯಾರೂ ಏಳಲಿಲ್ಲ. ಟಿಟಿಯ (ಟೆಂಪೋ ಟ್ರಾವೆಲರ್) ಹಿಂದಿನ ಸೀಟು ಕಾಣುತ್ತಿದೆ ಅಲ್ವಾ, ಅದರ ಮೇಲೆ ಸಿಂಬಲ್ (ಡ್ರಮ್ಮಿನ ತಾಳದ ತಟ್ಟೆ) ಬ್ಯಾಗು, ಗಿಟಾರ್ ಕೇಸು, ಗಿಟಾರಿನ ಸದ್ದು ಏರಿಸುವ ಆಂಪು, ಎಲ್ಲದರ ಮೇಲೆ ನನ್ನ ಕ್ಯಾಮೆರಾ ಬ್ಯಾಗು. ಬ್ಯಾಂಡಿನ ಹೆಸರು ಕೆಳಗೆ ಹಾಕಿದ್ದೇನೆ. ಹಾಡು ಕೇಳಿ. ಎಲ್ಲಾ ಕನ್ನಡದ್ದೇ, ಅವರೇ ಬರೆದದ್ದು.

ಮದುವೆ ಫೋಟೋಗ್ರಾಫರ್ ಅಂದರೆ ಎಲ್ಲರಿಗೂ ಅರ್ಥ ಆಗುತ್ತದೆ. ಬ್ಯಾಂಡ್ ಜೊತೆ ಊರೂರು ತಿರುಗಿ ಫೋಟೋ ತೆಗೆಯುತ್ತೇನೆ ಅಂದರೆ ನಮ್ಮ ಅತ್ತೆ ಈಗಲೂ "ಅದಕ್ಕೆ ದುಡ್ಡು ಕೊಡ್ತಾರೇನೋ?" ಅನ್ನುತ್ತಾರೆ. ಕೊಡುತ್ತಾರೆ ಅತ್ತೆ. ಮದುವೆಯಷ್ಟು ಕೊಡುವುದಿಲ್ಲ, ಅಷ್ಟೇ. ಆದರೆ ಈ ಕೆಲಸ ಹೊಸದೇನಲ್ಲ. 1975ರಲ್ಲಿ ರೋಲಿಂಗ್ ಸ್ಟೋನ್ಸ್ ಅಮೆರಿಕದಲ್ಲಿ ಟೂರ್ ಹೊರಟಾಗ ಆನಿ ಲೀಬೊವಿಟ್ಸ್ ಅವರ ಜೊತೆಗೇ ಹೋದರು, ಟೂರಿನ ಫೋಟೋಗ್ರಾಫರ್ ಆಗಿ. ಸ್ಟೇಜು ಮಾತ್ರ ಅಲ್ಲ, ಹೋಟೆಲ್ ರೂಮು, ಸುಸ್ತಾದ ಮುಖ, ಕಾಯುವುದು, ಎಲ್ಲವನ್ನೂ ತೆಗೆದರು. ಅದಕ್ಕೂ ಮೊದಲು ಫೋಟೋಗ್ರಾಫರ್ ಜಿಮ್ ಮಾರ್ಷಲ್ ಇದ್ದರು. 1966ರ ಆಗಸ್ಟ್ 29ರಂದು ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಂಡಲ್‌ಸ್ಟಿಕ್ ಪಾರ್ಕಿನಲ್ಲಿ ಬೀಟಲ್ಸ್ ಟಿಕೆಟ್ ಇಟ್ಟು ಕೊನೆಯ ಕನ್ಸರ್ಟ್ ಕೊಟ್ಟಾಗ ಬ್ಯಾಕ್‌ಸ್ಟೇಜಿಗೆ ಹೋಗಲು ಬಿಟ್ಟಿದ್ದು ಈ ಮನುಷ್ಯನನ್ನು. ಮರುವರ್ಷ ಮಾಂಟೆರೆ ಸಂಗೀತೋತ್ಸವದಲ್ಲಿ ಜಿಮಿ ಹೆಂಡ್ರಿಕ್ಸ್ ಗಿಟಾರಿಗೆ ಬೆಂಕಿ ಇಟ್ಟಾಗಲೂ ಅಲ್ಲಿದ್ದರು. ನಂಬಿಕೆ ಇದ್ದರೆ ಬಾಗಿಲು ತೆರೆಯುತ್ತದೆ. ನಾನು ಈ ಹುಡುಗರ ಜೊತೆ ಟಿಟಿಯಲ್ಲಿ ಕೂತಿರುವುದೂ ಅದಕ್ಕೇ. ಇವರು ಬಾಯಿ ತೆರೆದು ಗೊರಕೆ ಹೊಡೆಯುವಾಗಲೂ ಕ್ಯಾಮೆರಾ ತೆಗೆದರೆ ಯಾರೂ ಬೈಯುವುದಿಲ್ಲ.

ಗಾಳಿ ಫ್ಯಾನುಗಳು ಬಂದವು ನೋಡಿ. ಇದು ಕಂಡರೆ ದುರ್ಗ ಬಂತು ಅಂತ.

ಕೋಟೆ. ಇಲ್ಲಿ ಬ್ಯಾಂಡಿನ ಪೋಸ್ಟರಿಗೆ ಒಂದು ಫೋಟೋ ಬೇಕಿತ್ತು. ಇದು ಪುರಾತತ್ವ ಇಲಾಖೆಯ ಜಾಗ, ಟ್ರೈಪಾಡು, ಲೈಟು, ಸ್ಟ್ಯಾಂಡು ಅಂತೆಲ್ಲಾ ಶೂಟಿಂಗ್ ಮಾಡಬೇಕಂದರೆ ಅನುಮತಿ ಬೇಕು. ನಾನು ಕೈಯಲ್ಲಿ ಕ್ಯಾಮೆರಾ, ಒಂದೇ 35 ಎಂಎಂ ಲೆನ್ಸು, ಅಷ್ಟರಲ್ಲೇ ಮಾಡಿದ್ದೇನೆ. ಓಬವ್ವನ ಕಿಂಡಿ ಹತ್ತಿರ ತೆಗೆಯೋಣ ಅಂತ ಬೇಸ್ ಗಿಟಾರ್ ಹೊಡೆಯುವವನು ಹೇಳಿದ. ನಾನು ಬೇಡ ಅಂದೆ. ಅಲ್ಲಿ ಜನ ಓಬವ್ವನನ್ನು ನೆನೆಯಲು ಬರುತ್ತಾರೆ, ಹೈದರಾಲಿಯ ಸೈನಿಕರು ಒಬ್ಬೊಬ್ಬರೇ ನುಸುಳಿ ಬಂದ ಆ ಸಂದಿಯಲ್ಲಿ ನಿಂತು ಕೂಲಿಂಗ್ ಗ್ಲಾಸ್ ಹಾಕಿ ಪೋಸು ಕೊಡುವುದು ನನಗೆ ಸರಿ ಕಾಣುವುದಿಲ್ಲ. ಮೇಲೆ ಹೋದೆವು. ಆ ದುಂಡು ಬಂಡೆಗಳ ಮೇಲೆ ಐದೂ ಜನ ದೂರ ದೂರ ಕೂತರು. ಬಿಸಿಲು ಹೇಗಿತ್ತು ಅಂದರೆ ಹಾಡುವವಳು ಎರಡು ನಿಮಿಷಕ್ಕೊಮ್ಮೆ ಎದ್ದು ನಿಲ್ಲುತ್ತಿದ್ದಳು, ಕಲ್ಲು ಅಷ್ಟು ಕಾದಿತ್ತು. ನಡು ಮಧ್ಯಾಹ್ನದ ಬಿಸಿಲಲ್ಲಿ ಫೋಟೋ ತೆಗೆಯಬೇಡಿ ಅಂತ ಎಲ್ಲರೂ ಹೇಳುತ್ತಾರೆ, ಕಣ್ಣ ಕೆಳಗೆ ನೆರಳು ಬೀಳುತ್ತದೆ ಅಂತ. ರಾಕ್ ಬ್ಯಾಂಡಿಗೆ ಬೀಳಲಿ ಬಿಡಿ. ಚೆನ್ನಾಗೇ ಇದೆ. ಇದೇ ಪೋಸ್ಟರ್ ಆಗುವುದು.

ಮಂಗ. ಹೌದು, ಬಿಸ್ಕತ್ ಪ್ಯಾಕೆಟ್ ಹೋಯಿತು. ಮುಂದೆ.

ದಾವಣಗೆರೆ. ದುರ್ಗದಿಂದ 60 ಕಿಲೋಮೀಟರ್ ಹತ್ತಿರ. 1997ರವರೆಗೂ ಇದು ಚಿತ್ರದುರ್ಗ ಜಿಲ್ಲೆಯೊಳಗೇ ಇತ್ತು, ಈಗ ಬೇರೆ ಜಿಲ್ಲೆ. ಪ್ರೋಗ್ರಾಂ ಒಂದು ಕಾಲೇಜಿನ ಫೆಸ್ಟು. ಕಾಲೇಜಿನ ಹೆಸರು ಹೇಳುವುದಿಲ್ಲ, ಯಾಕೆ ಅಂತ ಈಗ ಗೊತ್ತಾಗುತ್ತದೆ.

ಮೊದಲು ಸ್ಟೇಜ್ ಮುಂದೆ ನೋಡಿ. ದೊಡ್ಡ ಕನ್ಸರ್ಟುಗಳಲ್ಲಿ ಸ್ಟೇಜಿಗೂ ಜನರಿಗೂ ಮಧ್ಯೆ ಬ್ಯಾರಿಕೇಡ್ ಇರುತ್ತದೆ, ಒಳಗೆ ಫೋಟೋಗ್ರಾಫರುಗಳು ಓಡಾಡುವ ಜಾಗ. ಅದನ್ನು ಪಿಟ್ ಅನ್ನುತ್ತಾರೆ. ಅಲ್ಲಿ ಮೊದಲ ಮೂರು ಹಾಡು ಮಾತ್ರ ತೆಗೆಯಬಹುದು, ಫ್ಲ್ಯಾಶ್ ಇಲ್ಲ, ಆಮೇಲೆ ಹೊರಗೆ. ಇಲ್ಲಿ ಪಿಟ್ ಇರಬೇಕಾದ ಜಾಗದಲ್ಲಿ ಸೋಫಾ. ಎರಡು ಸಾಲು. ಮುಖ್ಯ ಅತಿಥಿಗಳು, ಅವರ ಜೊತೆ ಬಂದವರು, ಅವರ ಮಕ್ಕಳು. ಬ್ಯಾಂಡ್ ಶುರುವಾಗಬೇಕಿದ್ದು ಏಳೂವರೆಗೆ. ಭಾಷಣ, ಶಾಲು, ಹಾರ, ಪೇಟ, ನೆನಪಿನ ಕಾಣಿಕೆ, ಮತ್ತೆ ಭಾಷಣ. ಹತ್ತು ಗಂಟೆಗೆ ಮೈಕ್ ಆಫ್ ಮಾಡಲೇಬೇಕು, ಅದು ಕಾನೂನು. ಹುಡುಗರು ಹಾಡಿನ ಪಟ್ಟಿಯಿಂದ ಒಂದೊಂದೇ ಹಾಡು ಹೊಡೆದು ಹಾಕುತ್ತಾ ಕೂತರು. ಈ ಫೋಟೋ ನೋಡಿ, ಡ್ರಮ್ಮರ್ ಕೈಯಲ್ಲಿ ಪೆನ್ನು, ಪಟ್ಟಿಯ ಮೇಲೆ ಗೀಟು. ನನಗೆ ಇವತ್ತಿನ ದಿನದಲ್ಲಿ ತುಂಬ ಇಷ್ಟವಾದ ಫೋಟೋಗಳಲ್ಲಿ ಇದೂ ಒಂದು.

ಈಗ ಲೈಟಿನ ವಿಷಯ. ಇದನ್ನು ಸ್ವಲ್ಪ ಉದ್ದ ಹೇಳುತ್ತೇನೆ, ಸ್ಕಿಪ್ ಮಾಡಬೇಡಿ.

ಸೌಂಡ್ ಚೆಕ್ ಹೊತ್ತಿಗೇ ಲೈಟಿನವರ ಹತ್ತಿರ ಹೋಗಿ "ಅಣ್ಣಾ, ಮುಖದ ಮೇಲೆ ಸ್ವಲ್ಪ ವೈಟ್ ಕೊಡ್ರೀ, ಹಿಂದೆ ಯಾವ ಕಲರ್ ಬೇಕಾದ್ರೂ ಹಾಕ್ರಿ" ಅಂತ ಕೇಳಿದೆ. ಅವರು ನಕ್ಕು "ರಾಕ್ ಅಲ್ಲೇನ್ರೀ ಸಾರ್, ಕೆಂಪು ಇದ್ರೇನೆ ಖದರ್ರು" ಅಂದರು. ಬ್ಯಾಂಡ್ ಸ್ಟೇಜಿಗೆ ಬಂತು, ಇದ್ದಬದ್ದ ಎಲ್‌ಇಡಿ ಸ್ಟೇಜ್ ಲೈಟೆಲ್ಲಾ ಕೆಂಪು. ಹಿಂದೆ ಕೆಂಪು, ಮುಂದೆ ಕೆಂಪು, ಹೊಗೆ ಕೆಂಪು. ಎರಡನೇ ಹಾಡೂ ಕೆಂಪು. ನೋಡುವವರ ಕಣ್ಣಿಗೆ ಅದು ಜೋರಾಗೇ ಕಾಣುತ್ತದೆ, ನಾನು ಒಪ್ಪುತ್ತೇನೆ. ಕ್ಯಾಮೆರಾಗೆ ಅದು ಕಾಣುವುದೇ ಬೇರೆ ಥರ.

ಯಾಕೆ ಅಂದರೆ, ನಮ್ಮ ಕ್ಯಾಮೆರಾಗಳ ಸೆನ್ಸರ್ ಮೇಲೆ ನಾಲ್ಕು ನಾಲ್ಕು ಪಿಕ್ಸೆಲ್ಲಿನ ಗುಂಪು ಇರುತ್ತದೆ. ಅದರಲ್ಲಿ ಎರಡಕ್ಕೆ ಹಸಿರು ಫಿಲ್ಟರು, ಒಂದಕ್ಕೆ ಕೆಂಪು, ಒಂದಕ್ಕೆ ನೀಲಿ. ಬರೀ ಕೆಂಪು ಎಲ್‌ಇಡಿ ಬೆಳಕು ಬಿದ್ದರೆ ಆ ನಾಲ್ಕರಲ್ಲಿ ಒಂದೇ ಒಂದು ಪಿಕ್ಸೆಲ್ ಸರಿಯಾಗಿ ಕೆಲಸ ಮಾಡುತ್ತದೆ. ಉಳಿದ ಮೂರಕ್ಕೆ ಹೆಚ್ಚುಕಡಿಮೆ ಕತ್ತಲೆ. ಇಷ್ಟು ದುಡ್ಡು ಕೊಟ್ಟು ತಂದ 24 ಮೆಗಾಪಿಕ್ಸೆಲ್ ಕ್ಯಾಮೆರಾ ಆಗ ಆರು ಮೆಗಾಪಿಕ್ಸೆಲ್ಲಿನ ಕೆಲಸ ಮಾಡುತ್ತದೆ. ಇನ್ನೊಂದು, ಕ್ಯಾಮೆರಾದ ಮೀಟರು ಒಟ್ಟು ಬೆಳಕನ್ನು ಅಳೆದು ಕಡಿಮೆ ಇದೆ ಅಂದುಕೊಂಡು ಎಕ್ಸ್‌ಪೋಷರ್ ಏರಿಸಿ ಹೆಚ್ಚು ಬೆಳಕು ಒಳಗೆ ಬಿಡುತ್ತದೆ, ಅಷ್ಟರಲ್ಲಿ ಕೆಂಪು ಚಾನೆಲ್ (ಕೆಂಪು ಪಿಕ್ಸೆಲ್ಲುಗಳು ಹಿಡಿದದ್ದು) ತುಂಬಿ ಹರಿದಿರುತ್ತದೆ. ಫೋಟೋದಲ್ಲಿ ಮೂಗು, ಕೆನ್ನೆ, ಹಣೆ ಒಂದೂ ಬೇರೆ ಕಾಣುವುದಿಲ್ಲ. ಮುಖ ಅಂದರೆ ಕುಂಕುಮ ಚೆಲ್ಲಿದ ಹಾಗೆ ಒಂದು ಕೆಂಪು ಗುಡ್ಡೆ. ಮನೆಗೆ ಹೋಗಿ ಕಂಪ್ಯೂಟರಿನಲ್ಲಿ ಸರಿ ಮಾಡುತ್ತೇನೆ ಅಂದರೆ ಆಗುವುದಿಲ್ಲ, ಅಲ್ಲಿ ಇಲ್ಲದ್ದನ್ನು ಎಲ್ಲಿಂದ ತರುವುದು?

ಇದಕ್ಕೆ ಇರುವ ದಾರಿ: ಒಂದರಿಂದ ಒಂದೂವರೆ ಸ್ಟಾಪ್ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ) ಕಡಿಮೆ ಎಕ್ಸ್‌ಪೋಷರಿನಲ್ಲಿ ತೆಗೆಯಿರಿ, ಹಿಸ್ಟೋಗ್ರಾಂ (ಬೆಳಕಿನ ಗ್ರಾಫು) ನೋಡುವಾಗ ಕೆಂಪು, ಹಸಿರು, ನೀಲಿ ಬೇರೆ ಬೇರೆ ತೋರಿಸುವುದನ್ನು ಇಟ್ಟುಕೊಳ್ಳಿ, ಕೆಂಪು ಬಲಗಡೆ ಗೋಡೆಗೆ ತಾಗದ ಹಾಗೆ ನೋಡಿಕೊಳ್ಳಿ. ರಾ ಫೈಲಿನಲ್ಲೇ (ಕ್ಯಾಮೆರಾ ತಿದ್ದದ ಹಸಿ ಫೈಲು) ತೆಗೆಯಿರಿ. ಇನ್ನೊಂದು ಕಾಟ ಅಂದರೆ ಪಟ್ಟೆ. ಎಲ್‌ಇಡಿಯನ್ನು ಡಿಮ್ ಮಾಡುವುದು ಅಂದರೆ ತುಂಬ ವೇಗವಾಗಿ ಆನ್ ಆಫ್ ಮಾಡುವುದು, ಕಣ್ಣಿಗೆ ಗೊತ್ತಾಗುವುದಿಲ್ಲ. ಸೈಲೆಂಟ್ ಶಟರ್ ಹಾಕಿದರೆ ಸೆನ್ಸರ್ ಸಾಲು ಸಾಲಾಗಿ ಓದುತ್ತದೆ, ಆ ಮಿಣುಕೆಲ್ಲಾ ಅಡ್ಡ ಪಟ್ಟೆಯಾಗಿ ಬಂದು ಕೂರುತ್ತದೆ. ಸ್ಟೇಜಿನಲ್ಲಿ ಅಷ್ಟು ಸದ್ದಿರುವಾಗ ಸೈಲೆಂಟ್ ಯಾಕೆ ಬೇಕು? ಮೆಕ್ಯಾನಿಕಲ್ ಶಟರ್ ಹಾಕಿ, ಟಕ ಟಕ ಅನ್ನಲಿ.

ಮೂರನೇ ಹಾಡಿಗೆ ನಾನು ಸೋಫಾಗಳನ್ನು ಸುತ್ತಿಕೊಂಡು ಹಿಂದೆ ಲೈಟಿನವರ ಹತ್ತಿರ ಓಡಿದೆ. ಕ್ಯಾಮೆರಾದ ಸ್ಕ್ರೀನ್ ತೋರಿಸಿದೆ. ಏನೂ ಹೇಳಲಿಲ್ಲ, ಸುಮ್ನೆ ತೋರಿಸಿದೆ. ಅವರು ನೋಡಿದರು, ಜೂಮ್ ಮಾಡಿ ನೋಡಿದರು. "ಅಯ್ಯೋ, ಅಕ್ಕನ ಮುಖಾನೇ ಇಲ್ವಲ್ರೀ" ಅಂದರು. ನಾಲ್ಕನೇ ಹಾಡಿಗೆ ಹಿಂದಿನಿಂದ ನೀಲಿ, ಮುಂದಿನಿಂದ ಹಳದಿ ಬೆರೆತ ಬಿಳಿ. ಈ ಫೋಟೋ ನೋಡಿ. ಈ ಬೆವರು ನೋಡಿ. ಹಾಡುವವಳು ಮೈಕಿನಿಂದ ಬಾಯಿ ತೆಗೆದ ಅರ್ಧ ಕ್ಷಣ ಇದು, ಅದಕ್ಕೇ ಕಾಯಬೇಕು, ಇಲ್ಲದಿದ್ದರೆ ಮುಖದ ಅರ್ಧ ಮೈಕೇ ಇರುತ್ತದೆ. ಐಎಸ್ಒ 3200, ಸ್ಪೀಡು 1/250, ಅಪರ್ಚರ್ 2.8. ಆ ಅಣ್ಣನ ಮೇಲೆ ನನಗೆ ಸಿಟ್ಟೇನಿಲ್ಲ, ನಿಜವಾಗಿ. ಅವರಿಗೆ ಯಾರೂ ಇದನ್ನು ತೋರಿಸಿಯೇ ಇರಲಿಲ್ಲ. ನನ್ನ ಸಿಟ್ಟು ಕಾರ್ಯಕ್ರಮ ಮಾಡುವವರ ಮೇಲೆ. ಸ್ಟೇಜಿಗೆ, ಸೋಫಾಗೆ, ಹಾರಕ್ಕೆ ಎಲ್ಲದಕ್ಕೂ ಪ್ಲಾನ್ ಇರುತ್ತದೆ, ಹಾಡುವವರ ಮುಖಕ್ಕೆ ಒಂದು ಬಿಳಿ ಲೈಟಿಗೆ ಇರುವುದಿಲ್ಲ.

ಕಿವಿಗೆ ಹಾಕಿರುವುದು ಇಯರ್ ಪ್ಲಗ್. ಸ್ಪೀಕರ್ ಪಕ್ಕ ನಿಲ್ಲುವ ಎಲ್ಲರಿಗೂ ಹೇಳುತ್ತೇನೆ, ಹಾಕಿಕೊಳ್ಳಿ. 85 ಡೆಸಿಬಲ್ ಸದ್ದಿನಲ್ಲಿ ಎಂಟು ಗಂಟೆ ಇರಬಹುದು ಅಂತ ಲೆಕ್ಕ, 100 ಆದರೆ ಬರೀ 15 ನಿಮಿಷ. ಕಿವಿ ಹೋದರೆ ಲೆನ್ಸಿನ ಹಾಗೆ ಬದಲಾಯಿಸಲು ಬರುವುದಿಲ್ಲ.

ಹತ್ತಕ್ಕೆ ಮೈಕ್ ಆಫ್. ಹುಡುಗರೆಲ್ಲಾ ಇನ್ನೊಂದು, ಇನ್ನೊಂದು ಅಂತ ಕಿರುಚುತ್ತಿದ್ದರು. ಡ್ರಮ್ಮಿಗೆ ಮೈಕ್ ಬೇಡವಲ್ಲ, ಅವನು ಎರಡು ನಿಮಿಷ ಹಾಗೇ ಬಾರಿಸಿದ, ಜನ ಚಪ್ಪಾಳೆಯಲ್ಲಿ ಸೇರಿಕೊಂಡರು. ಕ್ಲಿಪ್ ಪೂರ್ತಿ ಹಾಕಿದ್ದೇನೆ, ನಾನು ಮಾತಾಡುವುದಿಲ್ಲ, ಕೇಳಿ.

ಬೆಳಿಗ್ಗೆ. ಬೆಣ್ಣೆ ದೋಸೆ. ಕಟ್ಟಿಗೆ ಒಲೆ, ಮೇಲೆ ಬೆಣ್ಣೆ, ಪಕ್ಕದಲ್ಲಿ ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿ. ಬೆಂಗಳೂರಿನಲ್ಲಿ ಬೀದಿ ಬೀದಿಯಲ್ಲಿ ದಾವಣಗೆರೆ ಬೆಣ್ಣೆ ದೋಸೆ ಬೋರ್ಡ್ ಇದೆ, ಅದೂ ಇದೂ ಒಂದೇ ಅಂತ ನಾನೇ ಹೇಳುತ್ತಿದ್ದೆ. ಈಗ ಹೇಳುವುದಿಲ್ಲ. ಗಿಟಾರಿಸ್ಟಿನ ಬೆರಳು ನೋಡಿ, ನಿನ್ನೆ ತಂತಿ ಎಳೆದು ಎಳೆದು ಗೀರು ಬಿದ್ದ ತುದಿ, ಇವತ್ತು ಅದರ ಮೇಲೆ ಬೆಣ್ಣೆ. ಸ್ಟೇಜಿನಲ್ಲಿ ಅಷ್ಟು ಓಡಾಡಿ ತೆಗೆದದ್ದಕ್ಕಿಂತ ಇದು ಮೇಲು ಅನ್ನಿಸುತ್ತಿದೆ. ಅಥವಾ ಹಸಿವಿಗೆ ಹಾಗನ್ನಿಸಿತೋ ಏನೋ. ಇಲ್ಲ, ಮತ್ತೆ ನೋಡಿದೆ, ಇದೇ ಮೇಲು.

ಈ ಊರಿಗೆ ಬಂದಾಗಲೆಲ್ಲಾ ನನಗೆ ನಾಟಕ ಕಂಪನಿಗಳು ನೆನಪಾಗುತ್ತವೆ. ದಾವಣಗೆರೆ ಅಂದರೆ ರಂಗನಟಿ ಚಿಂದೋಡಿ ಲೀಲಾ ಅವರ ಊರು, ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು. ಲಾರಿಯಲ್ಲಿ ಪರದೆ, ಪೆಟ್ಟಿಗೆ, ಪಾತ್ರೆ ಎಲ್ಲಾ ತುಂಬಿಕೊಂಡು ಜಾತ್ರೆಯಿಂದ ಜಾತ್ರೆಗೆ ಹೋಗಿ ಕ್ಯಾಂಪ್ ಹಾಕುತ್ತಿದ್ದರು. ಟೂರ್ ಅಂದರೆ ಅದು ಟೂರು. ಹಳೆಯ ಕಂಪನಿಗಳ ಫೋಟೋ ಹುಡುಕಿದಾಗ ನನಗೆ ಸಿಗುವುದು ಬಹುತೇಕ ಸ್ಟುಡಿಯೋದಲ್ಲಿ ಕಿರೀಟ ಹಾಕಿ ನಿಂತವು. ಬಣ್ಣ ಹಚ್ಚಿಕೊಳ್ಳುತ್ತಾ ಮಗುವಿಗೆ ಊಟ ಮಾಡಿಸುವ ತಾಯಿ, ಮಳೆ ಬಂದು ಟೆಂಟು ಬಿಚ್ಚುವ ಹುಡುಗರು, ಆಟ ಮುಗಿದ ಮೇಲಿನ ಊಟದ ಸಾಲು, ಇವನ್ನು ನೋಡಬೇಕು ಅಂತ ನನಗೆ ತುಂಬ ಆಸೆ. ಸಿಗುವುದಿಲ್ಲ. ಆಗ ಒಂದು ಫಿಲಂ ರೋಲಿಗೆ 36 ಫೋಟೋ, ತೊಳೆಸಲು ಮತ್ತೆ ಖರ್ಚು, ಯಾರು ಸುಮ್ನೆ ಊಟದ ಫೋಟೋ ತೆಗೆಯುತ್ತಾರೆ ಹೇಳಿ. ನನಗೆ ಆ ನೆಪ ಇಲ್ಲ. ಕಾರ್ಡಿನಲ್ಲಿ ಸಾವಿರ ಫೋಟೋ ಹಿಡಿಯುತ್ತದೆ. ಅದಕ್ಕೇ ಟಿಟಿಯಲ್ಲಿ, ಲಾಡ್ಜಿನಲ್ಲಿ, ಪಟ್ಟಿಗೆ ಗೀಟು ಹೊಡೆಯುವಾಗ ಎಲ್ಲಾ ತೆಗೆಯುತ್ತೇನೆ. ಐರನ್ ಮೇಡನ್ 2007ರಲ್ಲಿ, ಮೆಟಾಲಿಕಾ 2011ರಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗಿನ ಫೋಟೋಗಳು ಬೇಕಾದಷ್ಟಿವೆ. ದಾವಣಗೆರೆಯ ಕಾಲೇಜಿಗೆ ಬಂದು ಕನ್ನಡದಲ್ಲಿ ಹಾಡಿ ಹೋದ ಬ್ಯಾಂಡಿನದು ಇರಬೇಕೋ ಬೇಡವೋ?

ಸರಿ, ಶಾಟ್ ಮುಗಿಯುತ್ತಿದೆ, ಬೇಗ ಹೇಳುತ್ತೇನೆ. ಮೊದಲ ಮೂರು ಹಾಡಿನ ಕೆಂಪು ಫೋಟೋಗಳಲ್ಲಿ ಹೆಚ್ಚಿನವನ್ನು ಕೈಬಿಟ್ಟಿದ್ದೇನೆ. ಕಪ್ಪು ಬಿಳುಪು ಮಾಡುವುದು ಕಳ್ಳದಾರಿ ಅಂತ ನಾನು ಒಂದು ಕಾಲದಲ್ಲಿ ಅಂದುಕೊಂಡಿದ್ದೆ, ಆದರೆ ಕೆಂಪು ಚಾನೆಲ್ ತುಂಬಿ ಹರಿಯದಿದ್ದರೆ ಅದರಿಂದ ಒಳ್ಳೆ ಕಪ್ಪು ಬಿಳುಪು ಬರುತ್ತದೆ. ಎರಡು ಸಿಕ್ಕಿವೆ. ಒಂದು ಸ್ವಲ್ಪ ಅಲುಗಿದೆ, ಹಾಡುವವಳಿಗೆ ಅದೇ ಬೇಕಂತೆ. ಕೊಡುತ್ತೇನೆ. 1979ರಲ್ಲಿ ನ್ಯೂಯಾರ್ಕಿನಲ್ಲಿ ಕ್ಲ್ಯಾಶ್ ಬ್ಯಾಂಡಿನ ಪಾಲ್ ಸಿಮೊನನ್ ಬೇಸ್ ಗಿಟಾರನ್ನು ನೆಲಕ್ಕೆ ಬಡಿಯುವ ಫೋಟೋ ಪೆನ್ನಿ ಸ್ಮಿತ್ ತೆಗೆದರು. ಫೋಕಸ್ ಇಲ್ಲ, ಇದು ಬೇಡ ಅಂತ ಅವರೇ ಹೇಳಿದ್ದರು. ಬ್ಯಾಂಡಿನವರು ಕೇಳಲಿಲ್ಲ, ಆಲ್ಬಂ ಕವರಿಗೆ ಅದನ್ನೇ ಹಾಕಿದರು. ಬ್ಯಾಂಡಿನವರಿಗೂ ಕಣ್ಣಿದೆ.

ಡ್ರೈವರಣ್ಣ ಹಾರ್ನ್ ಹೊಡೆಯುತ್ತಿದ್ದಾರೆ. ಹುಬ್ಬಳ್ಳಿಗೆ ಇನ್ನೂ ಸುಮಾರು 150 ಕಿಲೋಮೀಟರ್ ಇದೆ, ಸಂಜೆ ಅಲ್ಲಿ ಪ್ರೋಗ್ರಾಂ. ಅಲ್ಲಿನ ಲೈಟಿನವರ ನಂಬರ್ ಈಗಲೇ ತೆಗೆದುಕೊಂಡಿದ್ದೇನೆ, ನಿನ್ನೆಯ ಮೂರನೇ ಹಾಡಿನ ಫೋಟೋ, ನಾಲ್ಕನೇ ಹಾಡಿನ ಫೋಟೋ ಎರಡನ್ನೂ ವಾಟ್ಸಾಪ್ ಮಾಡಿದ್ದೇನೆ. ಬ್ಲೂ ಟಿಕ್ ಬಂದಿದೆ.