ಜಾಗ ಬಿಡದ ಚಲನೆ, ಗಟ್ಟಿಯಾಗುವ ನಡು

ಎಲ್ಲರಿಗೂ ನಮಸ್ಕಾರ. ಪ್ರಾಥಮಿಕ ಶಾಲೆಯ ದೈಹಿಕ ಶಿಕ್ಷಣ ಶಿಕ್ಷಕರು, ನಲಿ-ಕಲಿ ತರಗತಿ ನಡೆಸುವವರು, ಅಂಗನವಾಡಿ ಕಾರ್ಯಕರ್ತೆಯರು ಎಲ್ಲರೂ ಇಲ್ಲಿದ್ದೀರಿ. ದಯವಿಟ್ಟು ಒಮ್ಮೆ ಎದ್ದು ನಿಲ್ಲಿ. ಎಡಗೈ ಬೆರಳುಗಳನ್ನು ಹೊಕ್ಕುಳಿನಿಂದ ಎರಡು ಅಂಗುಲ ಕೆಳಗೆ, ಸ್ವಲ್ಪ ಪಕ್ಕಕ್ಕೆ ಒತ್ತಿ ಹಿಡಿಯಿರಿ. ಈಗ ಬಲಗೈಯನ್ನು ಥಟ್ಟನೆ ತಲೆಯ ಮೇಲಕ್ಕೆ ಎತ್ತಿ. ಬೆರಳಡಿ ಹೊಟ್ಟೆ ಬಿಗಿಯಾಯಿತಲ್ಲವೇ? ನೀವು ಬಿಗಿ ಮಾಡಲಿಲ್ಲ, ಅದು ತಾನೇ ಆಯಿತು. ಅದೂ ತೋಳು ಅಲುಗುವ ಮುಂಚೆಯೇ. ಆ ಮುಂಚಿನ ಅಂತರ ಬೆರಳಿಗೆ ಗೊತ್ತಾಗುವಷ್ಟು ದೊಡ್ಡದಲ್ಲ, ಸ್ನಾಯುಗಳ ವಿದ್ಯುತ್ ಸಂಕೇತವನ್ನು ಅಳೆದರೆ ಕಾಣುತ್ತದೆ. ಆಸ್ಟ್ರೇಲಿಯಾದ ಪಾಲ್ ಹಾಡ್ಜಸ್ ಮತ್ತು ಕ್ಯಾರೊಲಿನ್ ರಿಚರ್ಡ್‌ಸನ್ 1990ರ ದಶಕದಲ್ಲಿ ವಯಸ್ಕರಲ್ಲಿ ಇದನ್ನು ಅಳೆದು ತೋರಿಸಿದರು. ಸೊಂಟನೋವು ಇದ್ದವರಲ್ಲಿ ಈ ಬಿಗಿತ ತಡವಾಗಿ ಬರುತ್ತಿತ್ತು. ಕೂತುಕೊಳ್ಳಿ.

ಮೈಯ ಈ ಮುಂಗಡ ಸಿದ್ಧತೆ ಮಗುವಿಗೆ ಹುಟ್ಟಿನಿಂದ ಪೂರ್ತಿಯಾಗಿ ಬಂದಿರುವುದಿಲ್ಲ, ವರ್ಷಗಟ್ಟಲೆ ಚಲಿಸುತ್ತಾ ಕೂಡಿಬರಬೇಕು. ಅದನ್ನು ಕೂಡಿಸುವುದು ಬಾಗುವುದು, ತಿರುಚುವುದು, ಚಾಚುವುದು, ತೂಗುವುದು, ತಳ್ಳುವುದು, ಎಳೆಯುವುದು. ಜಾಗ ಬಿಟ್ಟು ಕದಲದೆ ಮಾಡುವ ಈ ಕೆಲಸಗಳಿಗೆ ನಮ್ಮ ಪಠ್ಯಗಳಲ್ಲಿ ನಾನ್-ಲೋಕೋಮೋಟರ್ ಕೌಶಲ ಎಂಬ ಹೆಸರಿದೆ. ಅಮೆರಿಕದ ದೈಹಿಕ ಶಿಕ್ಷಣ ತಜ್ಞ ಡೇವಿಡ್ ಗ್ಯಾಲಹ್ಯೂ ಮಕ್ಕಳ ಮೂಲ ಚಲನೆಗಳನ್ನು ಮೂರು ಗುಂಪು ಮಾಡಿದಾಗ ಇವನ್ನು ‘ಸ್ಥಿರತೆಯ ಚಲನೆ’ಗಳ ಗುಂಪಿನಲ್ಲಿಟ್ಟರು. ಉಳಿದೆರಡು ಗುಂಪುಗಳು ಓಟ-ನೆಗೆತದಂಥವು ಮತ್ತು ಚೆಂಡಿನಂಥ ವಸ್ತುಗಳನ್ನು ಬಳಸುವಂಥವು. ನಮ್ಮ ಆಟದ ಪೀರಿಯಡ್ಡಿನಲ್ಲಿ ಆ ಎರಡಕ್ಕೂ ಜಾಗವಿದೆ. ನಿಂತಲ್ಲೇ ತಿರುಚಿದರೆ ಗೆದ್ದವರು ಯಾರು, ಸೋತವರು ಯಾರು? ಹಾಗಾಗಿ ಈ ಗುಂಪು ಐದು ನಿಮಿಷದ ವಾರ್ಮ್‌ಅಪ್‌ಗೆ ಇಳಿದುಬಿಟ್ಟಿದೆ, ಅದನ್ನೂ ಎಂಟು ಎಣಿಕೆಯಲ್ಲಿ ಅವಸರವಾಗಿ ಮುಗಿಸುತ್ತೇವೆ.

ಈ ನಡುವಿನ ಸ್ನಾಯುಗಳಿಗೆ ಕೋರ್ ಎನ್ನುತ್ತಾರೆ. ಕೋರ್ ಎಂದರೆ ಸಿಕ್ಸ್‌ಪ್ಯಾಕ್ ಎಂಬ ಕಲ್ಪನೆಯನ್ನು ಮೊದಲು ಪಕ್ಕಕ್ಕಿಡೋಣ. ಮುಂಡದ ಒಳಗೆ ಒಂದು ಡಬ್ಬಿ ಇದೆ ಎಂದುಕೊಳ್ಳಿ. ಮುಚ್ಚಳ ಉಸಿರಾಟದ ವಪೆ (ಡಯಾಫ್ರಂ), ತಳ ಶ್ರೋಣಿಯ (ಸೊಂಟದ ಮೂಳೆಗಳ ಬುಟ್ಟಿಯ) ತಳದ ಸ್ನಾಯುಗಳು, ಸುತ್ತಲಿನ ಗೋಡೆ ಹೊಟ್ಟೆಯನ್ನು ಅಡ್ಡಡ್ಡ ಸುತ್ತುವ ಟ್ರಾನ್ಸ್‌ವರ್ಸ್ ಅಬ್ಡಾಮಿನಿಸ್, ಹಿಂದೆ ಬೆನ್ನುಮೂಳೆಯ ಮಣಿಮಣಿಗೂ ಅಂಟಿಕೊಂಡ ಮಲ್ಟಿಫಿಡಸ್. ಇವು ಒಟ್ಟಿಗೆ ಹಿಡಿದಾಗ ಒಳಗಿನ ಒತ್ತಡ ಸಮನಾಗಿ, ಬೆನ್ನುಮೂಳೆಗೆ ಆಸರೆ ಸಿಗುತ್ತದೆ. ಹೊರಗಿನ ಓರೆ ಸ್ನಾಯುಗಳು, ನೇರ ಹೊಟ್ಟೆ ಸ್ನಾಯು, ಬೆನ್ನಿನ ಉದ್ದ ಸ್ನಾಯುಗಳು, ಪಿರ್ರೆಯ ಸ್ನಾಯುಗಳು ಇದರ ಮೇಲೆ ದೊಡ್ಡ ಕೆಲಸ ಮಾಡುತ್ತವೆ. ಮುಚ್ಚಳವೇ ಉಸಿರಿನ ಸ್ನಾಯು ಎಂಬುದನ್ನು ಗಮನಿಸಿ. ಉಸಿರು ಬಿಗಿಹಿಡಿದು ನಿಂತ ಮಗು ಸ್ಥಿರವಾಗಿ ಕಂಡರೂ ಕೋರ್ ಬಳಸುವುದನ್ನು ಕಲಿತಿಲ್ಲ, ಒತ್ತಡದಿಂದ ಕೆಲಸ ಸಾಗಿಸುತ್ತಿದೆ. ಆದ್ದರಿಂದ ನಾನು ಹೇಳುವ ಪ್ರತಿ ಚಟುವಟಿಕೆಗೂ ಒಂದೇ ಪರೀಕ್ಷೆ: ಅದನ್ನು ಮಾಡುತ್ತಾ ಮಗು ತನ್ನ ಹೆಸರು, ಊರು ಹೇಳಬಲ್ಲುದೇ? ಆಗದಿದ್ದರೆ ಅದು ಆ ಮಗುವಿಗೆ ಸದ್ಯಕ್ಕೆ ಹೆಚ್ಚಾಯಿತು.

ಮಕ್ಕಳು ಚಿಕ್ಕ ಗಾತ್ರದ ದೊಡ್ಡವರಲ್ಲ. ನವಜಾತ ಶಿಶುವಿನ ತಲೆ ಒಟ್ಟು ಉದ್ದದ ಕಾಲು ಭಾಗ, ವಯಸ್ಕರಲ್ಲಿ ಸುಮಾರು ಎಂಟನೇ ಒಂದು ಭಾಗ. ಮೇಲೆ ಭಾರ, ಕೆಳಗೆ ಗಿಡ್ಡ ಕಾಲು. ತೂಕದ ಕೇಂದ್ರ ನಮಗಿಂತ ಮೇಲೆ ಇರುತ್ತದೆ, ಬೀಳುವುದೂ ಹೆಚ್ಚು. ಹತೋಟಿ ತಲೆಯಿಂದ ಕೆಳಕ್ಕೆ ಇಳಿಯುತ್ತಾ ಬರುತ್ತದೆ. ಭಾರತವೂ ಸೇರಿ ಐದು ದೇಶಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ಅಧ್ಯಯನದಲ್ಲಿ ಆಸರೆಯಿಲ್ಲದೆ ಕೂರುವ ಸಹಜ ಅವಧಿ ಸುಮಾರು 4ರಿಂದ 9 ತಿಂಗಳು, ಒಂಟಿಯಾಗಿ ನಡೆಯುವುದು 8ರಿಂದ 18 ತಿಂಗಳು. ನೂರಕ್ಕೆ ನಾಲ್ಕರಷ್ಟು ಮಕ್ಕಳು ಅಂಬೆಗಾಲಿಡದೆಯೇ ನಡೆದವು. ಪಕ್ಕದ ಮನೆಯ ಮಗುವಿನ ಜೊತೆ ಹೋಲಿಸಿ ಆತಂಕಪಡುವ ತಾಯಂದಿರಿಗೆ ಅಂಗನವಾಡಿಯಲ್ಲಿ ಈ ಅಂತರವನ್ನು ಹೇಳಿ. ಮಗು ಎಚ್ಚರವಿದ್ದಾಗ ಬೋರಲು ಮಲಗಿಸುವುದನ್ನೂ ಹೇಳಿ. ನಡೆಯದ ಶಿಶುಗಳಿಗೆ ಇದು ದಿನಕ್ಕೆ ಒಟ್ಟು 30 ನಿಮಿಷವಾದರೂ ಇರಲಿ, ಒಂದೇ ಸಲಕ್ಕೆ ಬೇಡ, ಬಿಡಿಬಿಡಿಯಾಗಿ. ಮೂರು ವರ್ಷದ ಮಗುವಿನ ಹೊಟ್ಟೆ ಮುಂದಕ್ಕೆ ಬಂದು ಸೊಂಟ ಒಳಬಾಗಿದ್ದರೆ ಅದು ಆ ವಯಸ್ಸಿನ ನಿಲುವು. ಅದನ್ನು ತಿದ್ದಲು ಹೋಗಬೇಡಿ.

ಸಮತೋಲಕ್ಕೆ ಮೂರು ಮಾಹಿತಿ ಬೇಕು: ಕಣ್ಣಿನದು, ಒಳಗಿವಿಯದು, ಕೀಲು-ಸ್ನಾಯುಗಳದು. ಚಿಕ್ಕ ಮಕ್ಕಳು ಕಣ್ಣನ್ನೇ ಹೆಚ್ಚು ನಂಬುತ್ತಾರೆ. 4ರಿಂದ 6 ವರ್ಷದ ನಡುವೆ ಮೂರನ್ನೂ ಹೊಂದಿಸುವ ಕಲಿಕೆ ನಡೆದಿರುತ್ತದೆ, ನಿನ್ನೆ ಚೆನ್ನಾಗಿ ನಿಂತ ಮಗು ಇವತ್ತು ತಡವರಿಸಬಹುದು. 7 ದಾಟಿದ ಮೇಲೆ ಸ್ಥಿತಿ ವಯಸ್ಕರ ಹತ್ತಿರ ಬರುತ್ತದೆ. ಹಾಗಾಗಿ ಎಲ್‌ಕೆಜಿ ಮಕ್ಕಳಿಗೆ ಕಣ್ಣು ಮುಚ್ಚಿಸಿ ಒಂಟಿಕಾಲಲ್ಲಿ ನಿಲ್ಲಿಸುವುದರಲ್ಲಿ ಅರ್ಥವಿಲ್ಲ.

ಒಂಟಿಕಾಲಿನ ನಿಲುವಿಗೆ ಸರಾಸರಿ ಲೆಕ್ಕ ಹೀಗಿದೆ: 3 ವರ್ಷಕ್ಕೆ ಒಂದೆರಡು ಸೆಕೆಂಡು, 4ಕ್ಕೆ ನಾಲ್ಕೈದು, 5ಕ್ಕೆ ಎಂಟು-ಹತ್ತು. ತಪ್ಪುಗಳು ಎಲ್ಲ ಕಡೆ ಒಂದೇ. ಎತ್ತಿದ ಕಾಲನ್ನು ನಿಂತ ಕಾಲಿಗೆ ಒರಗಿಸುವುದು, ಮಂಡಿಯನ್ನು ಹಿಂದಕ್ಕೆ ತಳ್ಳಿ ಲಾಕ್ ಮಾಡುವುದು, ಸೊಂಟವನ್ನು ಪಕ್ಕಕ್ಕೆ ಜಾರಿಸುವುದು. ಮಂಡಿ ಲಾಕ್ ಆದರೆ ಸ್ನಾಯು ಬಿಟ್ಟುಕೊಟ್ಟು ಅಸ್ಥಿರಜ್ಜು ಭಾರ ಹೊರುತ್ತದೆ. “ಮಂಡಿ ಮೃದುವಾಗಿರಲಿ” ಎಂದು ಹೇಳಿ, ಎದುರಿನ ಗೋಡೆಯ ಒಂದು ಚುಕ್ಕೆ ನೋಡಿಸಿ. ಸಮಯ ಉದ್ದ ಮಾಡುವುದಕ್ಕಿಂತ ಕೆಲಸ ಹೆಚ್ಚಿಸಿ: ಮೊದಲು ಕೈಚಾಚಿ, ಆಮೇಲೆ ಕೈ ಸೊಂಟದ ಮೇಲೆ, ಆಮೇಲೆ ನಿಂತಲ್ಲೇ ಗೆಳೆಯನಿಂದ ಚೆಂಡು ಹಿಡಿಯುವುದು. ಕಣ್ಣು ಮುಚ್ಚುವುದು ಕೊನೆಗೆ, 8 ವರ್ಷದ ಮೇಲೆ.

ತಿರುಚುವುದಕ್ಕೂ ತಿರುಗುವುದಕ್ಕೂ ಇರುವ ವ್ಯತ್ಯಾಸ ನಮ್ಮ ಕವಾಯತಿನಲ್ಲಿ ಕಳೆದುಹೋಗಿದೆ. ತಿರುಚುವಾಗ ಪಾದ ನೆಲಬಿಡಬಾರದು, ಶ್ರೋಣಿ ಮುಂದಕ್ಕೇ ನೋಡುತ್ತಿರಬೇಕು, ಪಕ್ಕೆಲುಬಿನ ಭಾಗ ಸುತ್ತಬೇಕು. ಇಬ್ಬರನ್ನು ಬೆನ್ನಿಗೆ ಬೆನ್ನು ಮಾಡಿ ನಿಲ್ಲಿಸಿ, ಒಂದು ಹಸ್ತದ ಅಂತರ ಬಿಟ್ಟು, ಚೆಂಡನ್ನು ಬಲಬದಿಯಿಂದ ಕೊಟ್ಟು ಎಡಬದಿಯಿಂದ ಪಡೆಯಿಸಿ. ಐದು ಸುತ್ತು, ಆಮೇಲೆ ದಿಕ್ಕು ಬದಲು. ವೇಗ ಹೆಚ್ಚಿದ ಕೂಡಲೇ ಹಿಮ್ಮಡಿ ಎದ್ದು ಇಡೀ ಮೈ ತಿರುಗುತ್ತದೆ, ಆಗ ಚಕ್ಕಂಬಕ್ಕಳ ಹಾಕಿ ಕೂರಿಸಿ ಅದನ್ನೇ ಮಾಡಿಸಿ. ಶ್ರೋಣಿ ನೆಲಕ್ಕೆ ಕಟ್ಟಿಹಾಕಿದಂತಾಗಿ ಕೆಲಸ ಮುಂಡಕ್ಕೇ ಹೋಗುತ್ತದೆ. ಸ್ಪರ್ಧೆ ಮಾಡಬೇಡಿ, ಮಾಡಿದರೆ ಹಿಮ್ಮಡಿ ಎದ್ದವರು ಗೆಲ್ಲುತ್ತಾರೆ.

ಬಾಗುವುದರಲ್ಲಿ ಕಲಿಸಬೇಕಾದ್ದು ಸೊಂಟದ ಕೀಲಿನಿಂದ ಬಾಗುವುದು. ಏಳು ವರ್ಷದ ಮೇಲಿನವರ ಬೆನ್ನ ಮೇಲೆ ಉದ್ದಕ್ಕೆ ಒಂದು ಕೋಲು ಹಿಡಿಸಿ. ಅದು ತಲೆಯ ಹಿಂಭಾಗ, ಭುಜದ ಮೂಳೆಗಳ ನಡು, ಶ್ರೋಣಿಯ ಹಿಂಭಾಗ ಈ ಮೂರು ಕಡೆ ತಾಗುತ್ತಲೇ ಇರಬೇಕು. ಮಂಡಿ ತುಸು ಮಡಚಿ, ಪಿರ್ರೆಯನ್ನು ಹಿಂದಿನ ಗೋಡೆಗೆ ತಾಗಿಸುವಂತೆ ಹೋಗಬೇಕು. ಕೋಲು ಶ್ರೋಣಿಗೆ ತಾಗದಾದರೆ ಬೆನ್ನು ಗೂನಾಯಿತು, ತಲೆಗೆ ತಾಗದಾದರೆ ಗದ್ದ ಕುಸಿಯಿತು. ಎತ್ತರ ಬೇಗ ಬೆಳೆಯುವ ವಯಸ್ಸಿನಲ್ಲಿ ತೊಡೆಯ ಹಿಂಭಾಗ ಬಿಗಿಯಾಗುವುದರಿಂದ ಐದನೇ ತರಗತಿಯಲ್ಲಿ ಬಂದ ಬಾಗು ಏಳನೆಯದರಲ್ಲಿ ಬಾರದಿರಬಹುದು. ಕಾಲ್ಬೆರಳು ಮುಟ್ಟು ಎಂದು ಬೆನ್ನೊತ್ತುವುದು ಬೇಡವೇ ಬೇಡ.

ತಳ್ಳುವಾಟಕ್ಕೆ ಇಬ್ಬರನ್ನೂ ಎದುರುಬದುರು ನಿಲ್ಲಿಸಿ, ಒಂದು ಕಾಲು ಮುಂದೆ, ಮೊಣಕೈ ತುಸು ಮಡಚಿ, ಅಂಗೈಗೆ ಅಂಗೈ. ಐದು ಎಣಿಸುವವರೆಗೆ ಒತ್ತುವುದು. ನಿಯಮ ಒಂದೇ, ಯಾರೂ ಕದಲಬಾರದು. ಗೆಳೆಯ ಬೀಳುವಷ್ಟು ತಳ್ಳಿದವನು ಸೋತ. ತೂಕದಲ್ಲಿ ಸರಿಸಮರನ್ನೇ ಜೋಡಿ ಮಾಡಿ. ಮಲಗಿ ಮಂಡಿ ಅಪ್ಪಿ ತೂಗಾಡುವಾಗ ಗದ್ದ ಎದೆಗೆ ತಾಗಿರಲಿ, ಕೆಳಗೆ ಮ್ಯಾಟ್ ಅಥವಾ ನಾಲ್ಕು ಮಡಿಕೆಯ ಜಮಖಾನೆ ಇರಲಿ. ಬರಿಯ ಸಿಮೆಂಟು ನೆಲದಲ್ಲಿ ಬೇಡ.

ಒಂದೇ ಒಂದು ವ್ಯಾಯಾಮ ಆರಿಸಿ ಎಂದರೆ ನಾನು ಆರಿಸುವುದು ಅಂಬೆಗಾಲಿನ ಭಂಗಿಯಿಂದ ಎದುರು ಕೈ-ಕಾಲು ಚಾಚುವುದನ್ನು. ಅಂಗೈ ಭುಜದ ನೇರ ಕೆಳಗೆ, ಮಂಡಿ ಸೊಂಟದ ನೇರ ಕೆಳಗೆ. ಕೆಳಬೆನ್ನಿನ ಮೇಲೆ ಒಂದು ಡಸ್ಟರ್ ಇಡಿ. ಮೊದಲು ಬಲಗಾಲಿನ ಬೆರಳನ್ನು ನೆಲದ ಮೇಲೆಯೇ ಹಿಂದಕ್ಕೆ ಜಾರಿಸಲಿ, ಡಸ್ಟರ್ ಅಲುಗದಿದ್ದರೆ ಕಾಲನ್ನು ಎತ್ತಲಿ, ಆಮೇಲೆ ಎಡಗೈ ಚಾಚಲಿ. ಆರೆಂಟು ಸೆಕೆಂಡು ಸಾಕು, ಒಂದೊಂದು ಬದಿಗೆ ನಾಲ್ಕು ಸಲ. ಡಸ್ಟರ್ ಪಕ್ಕಕ್ಕೆ ಬಿದ್ದರೆ ಎತ್ತಿದ ಕಾಲಿನ ಕಡೆಯ ಶ್ರೋಣಿ ಮೇಲೆದ್ದಿದೆ. ಬೀಳದೆ ಹಳ್ಳದಲ್ಲಿ ಕೂತರೆ ಸೊಂಟ ಕುಸಿದಿದೆ, ಹೆಚ್ಚಾಗಿ ಕಾಲನ್ನು ತೀರ ಮೇಲೆತ್ತಿದ್ದರಿಂದ. ಹಿಮ್ಮಡಿಯಿಂದ ಹಿಂದಿನ ಗೋಡೆ ಒದೆಯುವಂತೆ ಹೇಳಿದರೆ ಕಾಲು ತಾನೇ ಕೆಳಗಿಳಿಯುತ್ತದೆ.

ಪ್ಲ್ಯಾಂಕ್ (ಮೊಣಕೈ ಮತ್ತು ಕಾಲ್ಬೆರಳ ಮೇಲೆ ಮೈಯನ್ನು ಹಲಗೆಯಂತೆ ನೇರ ಹಿಡಿಯುವುದು) ಸ್ಪರ್ಧೆಗಳ ಬಗ್ಗೆ ಕೇಳುತ್ತೀರಿ ಎಂದು ಗೊತ್ತು. ಒಂದು ನಿಮಿಷ ಹಿಡಿದ ಮಗುವಿನ ವಿಡಿಯೋ ನೋಡಿ: ಹದಿನೈದನೇ ಸೆಕೆಂಡಿಗೆ ಸೊಂಟ ಜೋತುಬಿದ್ದಿರುತ್ತದೆ, ಆಮೇಲಿನದು ಬರೀ ಸಹನೆ. ಹತ್ತು ಸೆಕೆಂಡಿನ ನಾಲ್ಕು ಸರದಿ, ನಡುವೆ ಹತ್ತು ಸೆಕೆಂಡು ವಿಶ್ರಾಂತಿ, ಅಷ್ಟೇ ಸಾಕು. ಪಾದವನ್ನು ಗೆಳೆಯ ಅದುಮಿ ಹಿಡಿದು ಮಾಡುವ ಸಿಟ್‌ಅಪ್‌ನಲ್ಲಿ ಕೆಲಸ ಹೆಚ್ಚಾಗಿ ಸೊಂಟ ಮಡಚುವ ಸ್ನಾಯುಗಳದ್ದು, ಅವು ಕೆಳಬೆನ್ನಿನ ಮಣಿಗಳನ್ನು ಎಳೆಯುತ್ತವೆ. ಬಿಟ್ಟುಬಿಡಿ. ಬಸ್ಕಿಯನ್ನಾಗಲೀ ಒಂಟಿಕಾಲ ನಿಲುವನ್ನಾಗಲೀ ಶಿಕ್ಷೆಯಾಗಿ ಕೊಟ್ಟರೆ, ಕಾನೂನು ಮುರಿದಂತೆ (2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆ). ಮರುದಿನ ಅದೇ ಭಂಗಿಯನ್ನು ಆಟವೆಂದು ಕಲಿಸಲು ಹೋದಾಗ ಮಕ್ಕಳ ಮುಖ ನೋಡಿ!

ಕುಂಟೆಬಿಲ್ಲೆಯನ್ನು ನಾವು ಕುಂಟುವ ಆಟ ಎಂದಷ್ಟೇ ನೋಡುತ್ತೇವೆ. ಅದರ ನಿಜವಾದ ಕಷ್ಟ ಕುಂಟು ನಿಂತು, ಒಂಟಿಕಾಲಲ್ಲೇ ಬಾಗಿ, ಬಿಲ್ಲೆ ಎತ್ತಿ, ಮತ್ತೆ ನೆಟ್ಟಗಾಗುವ ಆ ಎರಡು ಸೆಕೆಂಡಿನಲ್ಲಿದೆ. ಮನೆ ದಾಟುವ ವೇಗಕ್ಕೆ ಅಂಕ ಕೊಡದೆ ಆ ಎತ್ತುವಿಕೆಗೆ ಕೊಟ್ಟು ನೋಡಿ. ಎರಡೂ ಕಾಲಲ್ಲಿ ಆಡಿಸಿ. ಹಗ್ಗ ಜಗ್ಗಾಟದಲ್ಲಿ ಬೆನ್ನು ಗೂನು ಮಾಡಿ ಜೋತುಬೀಳುವ ಬದಲು ಮಂಡಿ ಮಡಚಿ ಕೂತಂತೆ ಎಳೆಯುವುದನ್ನು ಮೊದಲು ಇಬ್ಬಿಬ್ಬರಲ್ಲಿ ಕಲಿಸಿ.

ನಲವತ್ತು ಮಕ್ಕಳು, ಮೈದಾನವಿಲ್ಲ, ಮಳೆಗಾಲ ಎಂದರೂ ಕಾರಿಡಾರಿನಲ್ಲಿ ಹನ್ನೆರಡು ನಿಮಿಷಕ್ಕೆ ಇದು ಮುಗಿಯುತ್ತದೆ. ಎರಡು ನಿಮಿಷ ಚಾಚು-ತೂಗು, ಮೂರು ನಿಮಿಷ ಜೋಡಿಯಲ್ಲಿ ತಿರುಚು ಮತ್ತು ತಳ್ಳು, ನಾಲ್ಕು ನಿಮಿಷ ಅಂಬೆಗಾಲು ಭಂಗಿ (ಅರ್ಧ ಮಕ್ಕಳು ಮಾಡಲಿ, ಉಳಿದವರು ಡಸ್ಟರ್ ಕಾವಲು ಕಾಯಲಿ), ಮೂರು ನಿಮಿಷ ಒಂಟಿಕಾಲು. ವಾರಕ್ಕೆ ಮೂರು ದಿನ. ಇದು ಓಟದ ಬದಲಿಗಲ್ಲ. 5ರಿಂದ 17 ವರ್ಷದವರಿಗೆ ದಿನಕ್ಕೆ 60 ನಿಮಿಷ ಚುರುಕು ಚಟುವಟಿಕೆ ಬೇಕೇ ಬೇಕು. ಇದರಿಂದ ಅಕ್ಷರ ದುಂಡಗಾಗುತ್ತದೆ, ಅಂಕ ಏರುತ್ತದೆ ಎಂದು ಪೋಷಕರಿಗೆ ಮಾತು ಕೊಡಬೇಡಿ. ಬರೆಯುವಾಗ ತಲೆಗೆ ಕೈಕೊಟ್ಟು ಬೆಂಚಿನ ಮೇಲೆ ಒರಗುವ ಮಗುವಿಗೆ ಮೊದಲು ಪಾದ ನೆಲಕ್ಕೆ ಎಟುಕುತ್ತದೆಯೇ ನೋಡಿ. ಎಟುಕದಿದ್ದರೆ ಕೆಳಗೊಂದು ಹಲಗೆ ಇಡಿ. ಎಷ್ಟೋ ಬಾರಿ ಕುಸಿದದ್ದು ಕೋರ್ ಅಲ್ಲ, ಪೀಠೋಪಕರಣ.

ಇನ್ನು ವ್ಯಾಯಾಮದಿಂದ ಸರಿಹೋಗದವು. ನಾಲ್ಕು ವರ್ಷ ದಾಟಿದ ಮಗು ನೆಲದಿಂದ ಏಳುವಾಗ ಬೋರಲಾಗಿ, ಕೈಗಳನ್ನು ತೊಡೆಯ ಮೇಲೆ ಊರಿಕೊಂಡು ತನ್ನ ಮೈಯನ್ನೇ ಹತ್ತಿದಂತೆ ಎದ್ದರೆ, ಅದು ಸ್ನಾಯುಕ್ಷಯ ಕಾಯಿಲೆಯ ಸೂಚನೆ ಇರಬಹುದು. ಮೀನಖಂಡ ದಪ್ಪಗಿದ್ದು ಪದೇಪದೇ ಬೀಳುವ ಗಂಡುಮಕ್ಕಳಲ್ಲಿ ಇನ್ನೂ ಎಚ್ಚರ ಬೇಕು. ಹತ್ತು ದಾಟಿದವರು ಮುಂದೆ ಬಾಗಿದಾಗ ಬೆನ್ನಿನ ಒಂದು ಬದಿ ಉಬ್ಬಿ ಕಂಡರೆ, ಒಂದೇ ಬದಿಯ ಕೈಕಾಲು ಸದಾ ಬಲಹೀನವಾಗಿದ್ದರೆ, ಮೊದಲು ಬರುತ್ತಿದ್ದ ಚಲನೆ ಈಗ ಬಾರದಿದ್ದರೆ, ರಾತ್ರಿ ಬೆನ್ನುನೋವಿಗೆ ಎಚ್ಚರವಾಗುತ್ತಿದ್ದರೆ ಕಾಯಬೇಡಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಸಂಚಾರಿ ತಂಡ ನಿಮ್ಮಲ್ಲಿಗೆ ಬರುವ ದಿನಕ್ಕಾಗಿ ಪಟ್ಟಿ ಇಟ್ಟುಕೊಳ್ಳುವುದು ಸರಿಯೇ, ಆದರೆ ಇಂಥ ಮಗುವನ್ನು ಅಲ್ಲಿಯವರೆಗೆ ನಿಲ್ಲಿಸದೆ ಪೋಷಕರೊಂದಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿ. ಚೀಟಿಯಲ್ಲಿ ‘ದುರ್ಬಲ’ ಎಂದು ಬರೆಯಬೇಡಿ. ಕಂಡದ್ದನ್ನು ಕಂಡಂತೆ ಬರೆಯಿರಿ: ಯಾವ ಕಾಲು, ಎಷ್ಟು ಸೆಕೆಂಡು, ಎದ್ದದ್ದು ಹೇಗೆ, ಯಾವಾಗಿನಿಂದ.